ಒರೆಗೆ ಹಚ್ಚಿದ ವಿಧಾನಗಳು: ಬಳ್ಳಾರಿ ನೆಲದ ಡಾಕ್ಟರೇಟ್ ಸಂಶೋಧನೆಗಳ ಒಂದು ಸಮೀಕ್ಷೆ

ಭತ್ತವನ್ನು ನಾಟಿ ಮಾಡುವುದು ಲಾಭವೋ, ಕೂರಿಗೆಯಲ್ಲಿ ಬಿತ್ತುವುದು ಲಾಭವೋ? ಎರೆ ಹೊಲದಲ್ಲಿ ಮಳೆನೀರು ಹಿಡಿಯಲು ಯಾವ ಒಡ್ಡು ಸರಿ? ಮೂರೂವರೆ ಸಾವಿರ ವರ್ಷಗಳ ಹಿಂದಿನ ಊರಿನ ಜನ ಏನು ಉಣ್ಣುತ್ತಿದ್ದರು ಎಂಬುದನ್ನು ತಿಳಿಯಲು ಮಣ್ಣನ್ನು ಜರಡಿ ಹಿಡಿದರೆ ಸಾಕೋ, ನೀರಿನಲ್ಲಿ ತೇಲಿಸಬೇಕೋ? ಒಂದು ಔಷಧ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಎಷ್ಟು ರೋಗಿಗಳನ್ನು ನೋಡಬೇಕು? ಪಿಎಚ್‌ಡಿ ಪದವಿಗಾಗಿ ನಡೆಯುವ ಸಂಶೋಧನೆಗಳಲ್ಲಿ ದೊಡ್ಡ ಪಾಲು ಇಂಥ ಪ್ರಶ್ನೆಗಳದ್ದು. ಬಳಕೆಯಲ್ಲಿರುವ ವಿಧಾನಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಎಲ್ಲಿ ಎಷ್ಟರಮಟ್ಟಿಗೆ ಫಲ ಕೊಡುತ್ತದೆಂದು ಅಳೆದು ಹೇಳುವುದು ಇವುಗಳ ಕೆಲಸ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಸುತ್ತಲಿನ ಚಿಕ್ಕ ಪ್ರದೇಶದಲ್ಲಿ ಕೃಷಿ, ಪುರಾತತ್ವ, ನೀರಾವರಿ, ವೈದ್ಯಕೀಯ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಶಾಸ್ತ್ರಗಳು ಈ ಕೆಲಸವನ್ನು ನೂರು ವರ್ಷಗಳಿಗೂ ಮೀರಿ ಮಾಡುತ್ತ ಬಂದಿವೆ. ಒಂದು ಶಾಸ್ತ್ರದ ಅಳತೆಗೋಲು ಇನ್ನೊಂದಕ್ಕೆ ಹೇಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ನೋಡಲು ಈ ನೆಲ ಹೇಳಿ ಮಾಡಿಸಿದಂತಿದೆ.

ಕೃಷಿಯಿಂದ ಆರಂಭಿಸುವುದು ನ್ಯಾಯ, ಏಕೆಂದರೆ ಹೋಲಿಕೆಯ ಪ್ರಯೋಗಕ್ಕೆ ಇಂದಿನ ರೂಪ ಕೊಟ್ಟದ್ದು ಹೊಲವೇ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಆರ್. ಎ. ಫಿಶರ್ 1925ರಲ್ಲಿ ಸಂಶೋಧಕರಿಗಾಗಿ ಸಂಖ್ಯಾಶಾಸ್ತ್ರದ ಕೈಪಿಡಿಯನ್ನೂ 1935ರಲ್ಲಿ ಪ್ರಯೋಗ ವಿನ್ಯಾಸದ ಪುಸ್ತಕವನ್ನೂ ಪ್ರಕಟಿಸಿದರು. ಒಂದೇ ಹೊಲದ ಒಂದು ಮೂಲೆ ಇನ್ನೊಂದು ಮೂಲೆಯಂತಿರುವುದಿಲ್ಲ. ಆದ್ದರಿಂದ ಹೊಲವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದು ಉಪಚಾರವನ್ನೂ ಹಲವು ತುಂಡುಗಳಲ್ಲಿ ಪುನರಾವರ್ತಿಸಿ, ಯಾವ ತುಂಡಿಗೆ ಯಾವ ಉಪಚಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂಬುದು ಅವರ ಸೂತ್ರ. ಇಂದಿಗೂ ಕೃಷಿ ವಿಶ್ವವಿದ್ಯಾಲಯದ ಪ್ರಬಂಧವೊಂದನ್ನು ತೆರೆದರೆ ಈ ಸೂತ್ರವೇ ಮೂರನೇ ಅಧ್ಯಾಯದಲ್ಲಿ ಎದುರಾಗುತ್ತದೆ.

ಬಳ್ಳಾರಿಯಲ್ಲಿ ಈ ಕೆಲಸಕ್ಕೆ ನೆಲೆ ಫಿಶರ್‌ಗಿಂತ ಮೊದಲೇ ಸಿದ್ಧವಾಗಿತ್ತು. ಹಗರಿಯ ಕೃಷಿ ಸಂಶೋಧನಾ ಕೇಂದ್ರ 1906ರದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬರಗಾಲ ಇಲ್ಲಿನ ಖಾಯಂ ಅತಿಥಿಯಾಗಿತ್ತು. 1930ರ ದಶಕದಲ್ಲಿ ದೇಶದ ಐದು ಕಡೆ, ಅಂದರೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ತಕ್ ಮತ್ತು ಹಗರಿಯಲ್ಲಿ, ಒಣಬೇಸಾಯದ ಪ್ರಯೋಗಗಳು ಆರಂಭವಾದವು. ಆಳ ಉಳುಮೆ, ಸಾಲುಗಳ ನಡುವೆ ಹೆಚ್ಚು ಅಂತರ, ಒಡ್ಡು ಕಟ್ಟುವುದು, ಭೂಮಿಯನ್ನು ಬೀಳು ಬಿಡುವುದು ಮುಂತಾದವನ್ನು ಅಳೆದು ನೋಡಿದರು. ಇಳುವರಿ ಏರಿತು, ಆದರೆ ರೈತ ತನ್ನ ರೂಢಿ ಬಿಟ್ಟು ಬರುವಷ್ಟು ಏರಲಿಲ್ಲ. ತಳಿ ಹಳೆಯದೇ ಆಗಿತ್ತು, ಗೊಬ್ಬರ ಇರಲಿಲ್ಲ. ಬೇಸಾಯ ಕ್ರಮವೊಂದನ್ನೇ ಬದಲಿಸಿದರೆ ಎಷ್ಟು ದೂರ ಹೋಗಬಹುದೆಂಬ ಮಿತಿಯನ್ನು ಆ ಪ್ರಯೋಗಗಳು ತೋರಿಸಿಕೊಟ್ಟವು. ಅದೂ ಒಂದು ಫಲಿತಾಂಶವೇ. ಫಲ ಕಡಿಮೆ ಬಂದ ಪ್ರಯೋಗಗಳನ್ನು ಮರೆತುಬಿಡುವ ಅಭ್ಯಾಸ ನಮ್ಮ ಸಂಶೋಧನಾ ಲೋಕಕ್ಕೆ ದೊಡ್ಡ ನಷ್ಟ ತಂದಿದೆ.

ವಿಧಾನವೊಂದು ಒಂದು ಮಣ್ಣಿನಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವುದಕ್ಕೆ ಬಳ್ಳಾರಿ ಕೊಡುವ ಅತ್ಯುತ್ತಮ ಉದಾಹರಣೆ ಸಮಪಾತಳಿ ಒಡ್ಡು. ಮಸಾರಿ ಮತ್ತು ಕಡಿಮೆ ಆಳದ ಮಣ್ಣುಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕಿದ ಒಡ್ಡು ನೀರನ್ನು ಹಿಡಿದು ಇಂಗಿಸುತ್ತದೆ. ಅದೇ ಒಡ್ಡನ್ನು ಆಳವಾದ ಎರೆ ಭೂಮಿಯಲ್ಲಿ ಹಾಕಿದಾಗ ಅನಾಹುತವಾಯಿತು. ಎರೆ ಮಣ್ಣಿನ ಜೇಡಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನೆನೆದ ಮೇಲೆ ನೀರನ್ನು ಒಳಕ್ಕೆ ಬಿಡುವುದು ಬಹಳ ನಿಧಾನ. ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಒಡ್ಡೇ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಿಂದಲೇ ಒಡೆಯಿತು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಈ ಸಮಸ್ಯೆಯನ್ನು ದಶಕಗಳ ಕಾಲ ಹಿಡಿದು ಕೂತಿತು. ಹೆಚ್ಚುವರಿ ನೀರು ಮೆಲ್ಲಗೆ ಹರಿದು ಹೋಗುವಂತೆ ಸಣ್ಣ ಇಳಿಜಾರು ಕೊಟ್ಟ ಒಡ್ಡುಗಳು ಎರೆ ಹೊಲಕ್ಕೆ ಹೊಂದುತ್ತವೆಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಬಂದದ್ದು. ಇನ್ನೊಂದು ಉಪಚಾರ ಮತ್ತೂ ಸರಳ: ಹೊಲದಲ್ಲಿ ಅಡ್ಡಲಾಗಿ ಕಿರಿದಾದ ಗುಂಡಿಸಾಲು ತೋಡಿ, ಅದರಲ್ಲಿ ಜೋಳದ ಕೂಳೆಗಳನ್ನು ನೆಟ್ಟಗೆ ನಿಲ್ಲಿಸಿ, ತುದಿ ನೆಲದ ಮೇಲೆ ಕಾಣುವಂತೆ ಮುಚ್ಚುವುದು. ಮಣ್ಣು ಬಾಯಿ ಮುಚ್ಚಿಕೊಂಡರೂ ಕೂಳೆಯ ಸಾಲು ಮಳೆನೀರಿಗೆ ಕೆಳಗಿಳಿಯುವ ದಾರಿಯಾಗಿ ಉಳಿಯುತ್ತದೆ. ಇದನ್ನು ಲಂಬ ಹೊದಿಕೆ ಎನ್ನುತ್ತಾರೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಬಹುಭಾಗ ಕೆಲವೇ ಜೋರು ಮಳೆಗಳಲ್ಲಿ ಸುರಿದುಹೋಗುವ ನೆಲದಲ್ಲಿ ಈ ಉಪಾಯದ ಬೆಲೆ ದೊಡ್ಡದು. ಕೂಲಿ ಖರ್ಚು ಹೆಚ್ಚಾದ್ದರಿಂದ ಇದು ಹೊಲಹೊಲಕ್ಕೆ ಹಬ್ಬಲಿಲ್ಲ ಎಂಬುದನ್ನೂ ಮೌಲ್ಯಮಾಪನದಲ್ಲಿ ಸೇರಿಸಲೇಬೇಕು.

ಸಿರುಗುಪ್ಪದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವನ್ನು ಮದ್ರಾಸ್ ಸರ್ಕಾರ 1937ರಲ್ಲಿ ತೆರೆದದ್ದು, ತುಂಗಭದ್ರಾ ನೀರು ಬಂದರೆ ಈ ಎರೆ ಮಣ್ಣು ತಡೆದುಕೊಳ್ಳುತ್ತದೆಯೇ ಎಂದು ಮುಂಚಿತವಾಗಿ ನೋಡಲು. ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ, ನೀರು ಹರಿದದ್ದು 1953ರಲ್ಲಿ. ಯೋಜನೆಗೆ ಮೊದಲೇ ಪ್ರಯೋಗ ನಡೆಸುವ ಈ ಎಚ್ಚರ ಆ ಕಾಲಕ್ಕೂ ಅಪರೂಪ, ಈ ಕಾಲಕ್ಕೂ ಅಪರೂಪ. ಹತ್ತಿ, ಜೋಳ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ ತೆಳುವಾಗಿ ನೀರು ಹಂಚುವುದು ಯೋಜನೆಯ ಮೂಲ ಉದ್ದೇಶವಾಗಿತ್ತು. ರೈತರು ಭತ್ತಕ್ಕೆ ತಿರುಗಿದರು. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತಿತು, ಕೊನೆ ಭಾಗಕ್ಕೆ ನೀರು ತಲುಪದಾಯಿತು, ಹಲವು ಕಡೆ ಭೂಮಿ ಸವಳು-ಜವಳಾಯಿತು. ಇಂದು ಸಿರುಗುಪ್ಪ ಎಂದರೆ ಸೋನಾ ಮಸೂರಿ ಎನ್ನುವಷ್ಟು ಭತ್ತ ಅಲ್ಲಿ ಬೇರೂರಿದೆ.

ಹೀಗಾಗಿ ಈ ಭಾಗದ ಇತ್ತೀಚಿನ ಸಂಶೋಧನೆಗಳ ಮುಖ್ಯ ಪ್ರಶ್ನೆ ನೀರು ಉಳಿಸಿ ಭತ್ತ ಬೆಳೆಯುವುದು ಹೇಗೆ ಎಂಬುದು. ಸಿರುಗುಪ್ಪ ಕೇಂದ್ರ ಈಗ 2008ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಾಟಿ, ಎಳೆ ಸಸಿಗಳನ್ನು ಅಂತರ ಬಿಟ್ಟು ನೆಡುವ ಶ್ರೀ ಪದ್ಧತಿ, ಮೊಳಕೆ ಬೀಜವನ್ನು ಸಾಲಾಗಿ ಉದುರಿಸುವ ಡ್ರಮ್ ಸೀಡರ್, ಕೂರಿಗೆ ಬಿತ್ತನೆ ಇವುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪ್ರಯೋಗದ ಒಳಹೊಕ್ಕರೆ ಶಿಸ್ತು ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ. ಪ್ರತಿ ತುಂಡಿನ ಅಂಚಿನ ಸಾಲುಗಳನ್ನು ಮೊದಲೇ ಕೊಯ್ದು ಹೊರಗಿಡುತ್ತಾರೆ. ಅಂಚಿನ ಗಿಡಕ್ಕೆ ಬೆಳಕೂ ಗಾಳಿಯೂ ಹೆಚ್ಚು, ಅದರ ಇಳುವರಿ ಸುಳ್ಳು ಹೇಳುತ್ತದೆ. ಉಳಿದ ಭಾಗದ ಕಾಳನ್ನು ಒಣಗಿಸಿ, ತೇವಾಂಶ ಸರಿದೂಗಿಸಿ ತೂಗುತ್ತಾರೆ. ಉಪಚಾರಗಳ ನಡುವಿನ ಅಂತರ ಆಕಸ್ಮಿಕವಾಗಿ ಬರಬಹುದಾದ ಅಂತರಕ್ಕಿಂತ ದೊಡ್ಡದಿದ್ದರೆ ಮಾತ್ರ ಅದನ್ನು ಅಂತರವೆಂದು ಒಪ್ಪುತ್ತಾರೆ. ಕೂರಿಗೆ ಬಿತ್ತನೆಯಲ್ಲಿ ಸಸಿಮಡಿ, ಕೆಸರು ಉಳುಮೆ, ನಾಟಿ ಕೂಲಿ ಎಲ್ಲದರ ಖರ್ಚೂ ಉಳಿತಾಯವಾಗುತ್ತದೆ, ಆದರೆ ಗದ್ದೆಯಲ್ಲಿ ನಿಂತ ನೀರು ತಡೆಯುತ್ತಿದ್ದ ಕಳೆ ಮೊದಲ ವಾರಗಳಲ್ಲೇ ಭತ್ತದ ಜೊತೆ ಏಳುತ್ತದೆ. ಆದ್ದರಿಂದ ಬಿತ್ತನೆಯ ವಿಧಾನವನ್ನು ಕಳೆ ನಿರ್ವಹಣೆಯಿಂದ ಬೇರ್ಪಡಿಸಿ ಅಳೆದ ಪ್ರಬಂಧ ರೈತನಿಗೆ ಅರ್ಧ ಸತ್ಯವನ್ನೇ ಹೇಳುತ್ತದೆ. ಪಿಎಚ್‌ಡಿ ಅವಧಿಯಲ್ಲಿ ಸಿಗುವುದು ಸಾಮಾನ್ಯವಾಗಿ ಎರಡು ಹಂಗಾಮುಗಳ ಅಂಕಿಅಂಶ. ಮಣ್ಣಿನ ಲವಣಾಂಶ ಬದಲಾಗುವುದು ಅದಕ್ಕಿಂತ ಎಷ್ಟೋ ನಿಧಾನವಾಗಿ. ವಿದ್ಯಾರ್ಥಿ ಪದವಿ ಪಡೆದು ಹೋದಮೇಲೂ ಅದೇ ತುಂಡುಗಳಲ್ಲಿ ಪ್ರಯೋಗ ಮುಂದುವರಿಸುವ ಕೇಂದ್ರವಿದ್ದರೆ ಮಾತ್ರ ಈ ಕೊರತೆ ತುಂಬುತ್ತದೆ.

ಅದೇ ತುಂಗಭದ್ರಾ ನೀರನ್ನು ಸಮಾಜವಿಜ್ಞಾನ ಬೇರೊಂದು ರೀತಿಯಲ್ಲಿ ಒರೆಗೆ ಹಚ್ಚಿತು. ಪೀಟರ್ ಮೊಲ್ಲಿಂಗಾ ನೆದರ್ಲೆಂಡ್ಸ್‌ನ ವಾಖೆನಿಂಗೆನ್ ವಿಶ್ವವಿದ್ಯಾಲಯಕ್ಕೆ 1998ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಂಚಿಕೆಯನ್ನು ಕುರಿತದ್ದು. ಇಲ್ಲಿ ಚೀಟಿ ಎತ್ತುವ ಪ್ರಯೋಗ ಸಾಧ್ಯವಿರಲಿಲ್ಲ: ಒಂದು ಊರಿಗೆ ನೀರು ಕೊಟ್ಟು ಇನ್ನೊಂದಕ್ಕೆ ಬಿಡದೆ ನೋಡುವಂತಿಲ್ಲ. ಬದಲಿಗೆ ತೂಬುಗಳಲ್ಲಿ ಹರಿಯುವ ನೀರಿನ ಅಳತೆ, ಯಾವ ಹೊಲಕ್ಕೆ ಯಾವ ಬೆಳೆ ಎಂಬ ಸರ್ಕಾರಿ ನಿಗದಿ, ವಾಸ್ತವದಲ್ಲಿ ನಿಂತಿದ್ದ ಬೆಳೆ, ರೈತರು ಮತ್ತು ಎಂಜಿನಿಯರರ ನಡುವಿನ ವ್ಯವಹಾರ ಇವೆಲ್ಲವನ್ನೂ ಒಂದೇ ಕಾಲುವೆಯ ಮೇಲೆ ದೀರ್ಘಕಾಲ ನಿಂತು ನೋಡಲಾಯಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರು, ಮೇಲ್ಭಾಗದ ಭತ್ತ, ಕೊನೆ ಭಾಗದ ಬರ ಇವು ಬಲದಂಡೆಯ ಸಿರುಗುಪ್ಪಕ್ಕೂ ಪರಿಚಿತವಾದ ಸಂಗತಿಗಳೇ. ಕಬ್ಬಿಣದ ತೂಬು ತಾಂತ್ರಿಕ ವಸ್ತು ಮಾತ್ರವಲ್ಲದೆ ಜಗಳ, ಒಪ್ಪಂದ, ಅಧಿಕಾರಗಳು ಸೇರುವ ಜಾಗವೂ ಹೌದೆಂದು ತೋರಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಸಂಖ್ಯೆಯ ಅಧ್ಯಯನವೂ ಜೊತೆಗಿದ್ದು ನೋಡುವ ಅಧ್ಯಯನವೂ ಒಂದೇ ಪ್ರಬಂಧದಲ್ಲಿ ಒಂದನ್ನೊಂದು ತಿದ್ದಬಲ್ಲವು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ವಿಧಾನಗಳ ಮೌಲ್ಯಮಾಪನದಲ್ಲಿ ಬಳ್ಳಾರಿ ಅತಿ ಶ್ರೀಮಂತವಾಗಿರುವುದು ಪುರಾತತ್ವದಲ್ಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ತಮ್ಮ ಗ್ರಂಥವನ್ನು 1895ರಲ್ಲಿ ಪ್ರಕಟಿಸಿದರು. ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬೆಟ್ಟಬೆಟ್ಟ ಸುತ್ತಿ ಕೂಡಿಟ್ಟವರು ಅವರು. ಆದರೆ ನೆಲದ ಮೇಲೆ ಆಯ್ದ ಕೊಡಲಿಗೆ ವಯಸ್ಸು ಹೇಳುವ ಬಾಯಿಲ್ಲ. ಆ ಕೊರತೆಯನ್ನು ತುಂಬಿದ್ದು ಒಂದು ಪಿಎಚ್‌ಡಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್. ಡಿ. ಸಾಂಕಾಲಿಯಾ ಅವರ ಶಿಷ್ಯ ಬಿ. ಸುಬ್ಬರಾವ್ ಬಳ್ಳಾರಿ ನಗರಕ್ಕೆ ಹತ್ತಿರದ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಪ್ರಬಂಧವನ್ನು 1948ರಲ್ಲಿ ಪ್ರಕಟಿಸಿದರು. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಪದರದಲ್ಲಿ ಯಾವ ಮಡಕೆ, ಯಾವ ಕಲ್ಲು ಎಂದು ದಾಖಲಿಸಿ, ಕೆಳಗಿನದು ಹಳೆಯದು ಮೇಲಿನದು ಹೊಸದು ಎಂಬ ನಿಯಮದ ಮೇಲೆ ಕಾಲಕ್ರಮ ಕಟ್ಟಿದರು. ಇಂಗಾಲ-14ರ ಕಾಲಗಣನೆಯನ್ನು ವಿಲ್ಲರ್ಡ್ ಲಿಬ್ಬಿ ಲೋಕಕ್ಕೆ ಕೊಟ್ಟದ್ದು 1949ರಲ್ಲಿ. ಒಂದು ವರ್ಷ ಮೊದಲು ಮುಗಿದ ಈ ಪ್ರಬಂಧ ಕ್ರಮವನ್ನು ಹೇಳಬಲ್ಲದಾಗಿತ್ತು, ವರ್ಷವನ್ನು ಹೇಳಲಾರದಾಗಿತ್ತು. ಅದರ ಕ್ರಮ ಮಾತ್ರ ಮುಂದಿನ ಎಲ್ಲ ಅಗೆತಗಳಿಗೂ ಆಧಾರವಾಯಿತು. 1964-65ರಲ್ಲಿ ಅದೇ ಸಂಗನಕಲ್ಲನ್ನು ಮತ್ತೆ ಅಗೆದು ಪರೀಕ್ಷಿಸಲಾಯಿತು. ಒಬ್ಬರ ಪ್ರಬಂಧವನ್ನು ಅದೇ ಜಾಗದಲ್ಲಿ ಇನ್ನೊಬ್ಬರು ಹೀಗೆ ಮರುಪರಿಶೀಲಿಸುವುದು ಎಲ್ಲ ಶಾಸ್ತ್ರಗಳೂ ಕಲಿಯಬೇಕಾದ ನಡೆ.

ಇದೇ ಹೊತ್ತಿಗೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳ ಮೇಲೆ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅಗೆತ ನಡೆಸಿ 1965ರಲ್ಲಿ ವರದಿ ಹೊರತಂದರು. ಗ್ರಾನೈಟ್ ಬಂಡೆಗಳ ನಡುವಿನ ದುಂಡು ಗುಡಿಸಲುಗಳು, ಸಮಾಧಿಗಳು, ಚಿನ್ನದ ಆಭರಣ ಬೆಳಕಿಗೆ ಬಂದವು. ಪುರಾತತ್ವಜ್ಞರ ಜೊತೆ ಮಾನವಶಾಸ್ತ್ರಜ್ಞರೊಬ್ಬರು ಸಹಲೇಖಕರಾಗಿದ್ದದ್ದು ವಿಧಾನದ ದೃಷ್ಟಿಯಿಂದ ದೊಡ್ಡ ಹೆಜ್ಜೆ.

ಬೂದಿಗುಡ್ಡಗಳ ಚರ್ಚೆ ಇನ್ನೂ ಸ್ವಾರಸ್ಯಕರ. ಬಳ್ಳಾರಿ-ಹೊಸಪೇಟೆ ದಾರಿಯ ಕುಡತಿನಿಯ ಬಳಿ ಇರುವಂಥ ದಿಬ್ಬಗಳನ್ನು ರಾಕ್ಷಸರ ಬೂದಿ ಎಂದು ಜನ ಹೇಳುತ್ತ ಬಂದಿದ್ದರು. ಹತ್ತೊಂಬತ್ತನೇ ಶತಮಾನದ ವಿದ್ವಾಂಸರು ಜ್ವಾಲಾಮುಖಿಯಿಂದ ಹಿಡಿದು ಸಾಮೂಹಿಕ ದಹನದವರೆಗೆ ಏನೇನೋ ಊಹಿಸಿದರು. ಎಫ್. ಇ. ಜಾಯ್ನರ್ 1960ರಲ್ಲಿ ಆ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಅತಿ ಶಾಖದಲ್ಲಿ ಸುಟ್ಟ ಸಗಣಿ ಎಂದು ತೋರಿಸಿದರು. ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳ ಬಗ್ಗೆ ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದಿದ್ದ ಎಫ್. ಆರ್. ಆಲ್ಚಿನ್, ಉಟ್ನೂರಿನ ಬೂದಿಗುಡ್ಡವನ್ನು ಅಗೆದು ದನಗಳ ಗೊರಸಿನ ಗುರುತುಗಳನ್ನೇ ಕಂಡರು. ಅವರ 1963ರ ಪುಸ್ತಕ ಈ ಗುಡ್ಡಗಳನ್ನು ದನದ ದೊಡ್ಡಿಗಳೆಂದು ವಿವರಿಸಿತು. ರಸಾಯನ ಪರೀಕ್ಷೆ ಬೂದಿ ಯಾವುದರದ್ದು ಎಂದು ಹೇಳಿತು, ಏಕೆ ಸುಟ್ಟರು ಎಂದು ಹೇಳಲಿಲ್ಲ. ಹಬ್ಬದ ಬೆಂಕಿಯೇ, ದೊಡ್ಡಿ ಶುಚಿಮಾಡುವ ಉಪಾಯವೇ ಎಂಬ ಚರ್ಚೆ ಇಂದಿಗೂ ನಡೆದಿದೆ. ಒಂದು ವಿಧಾನ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆಹಾರದ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಒಂದು ಡಾಕ್ಟರೇಟ್ ಸಂಶೋಧನೆಯೇ. ಹಳೆಯ ಅಗೆತಗಳಲ್ಲಿ ಕಣ್ಣಿಗೆ ಬಿದ್ದ ಕಾಳುಗಳನ್ನು ಹೆಕ್ಕಿಡುವುದು ರೂಢಿ. ದೊಡ್ಡ ಹುರುಳಿ ಸಿಗುತ್ತಿತ್ತು, ಸಾಸಿವೆಗಿಂತ ಸಣ್ಣ ಸಿರಿಧಾನ್ಯ ಮಣ್ಣಿನ ಜೊತೆ ಹೊರಗೆ ಹೋಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೊರಿಶೆಟ್ಟರ್ ಮುಂತಾದವರ ಜೊತೆಗೂಡಿ, ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಸೇರಿದಂತೆ ಹಲವು ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ನೋಡಿದರು. ಕೆಲಸ ನೋಡಲು ಸಾದಾ: ಅಳೆದ ಮಣ್ಣನ್ನು ಬಕೆಟ್ ನೀರಿಗೆ ಸುರಿದು ಕೈಯಾಡಿಸಿದರೆ ಕರಕಲಾದ ಕಾಳು, ಇದ್ದಿಲು ಮೇಲೇಳುತ್ತವೆ, ಅದನ್ನು ಅತಿ ನಯವಾದ ಜಾಲರಿಯ ಮೇಲೆ ಬಸಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದು ಕಾಳನ್ನೂ ಇಂದಿನ ಕಾಳಿನ ಮಾದರಿಯೊಂದಿಗೆ ಹೋಲಿಸಬೇಕು. ಬಂದ ಫಲಿತಾಂಶ ಹಳೆಯ ಚಿತ್ರವನ್ನೇ ಬದಲಿಸಿತು. ಕೊರಲೆ, ನವಣೆಯ ಜಾತಿಗೆ ಸೇರಿದ ಇನ್ನೊಂದು ಕಿರುಧಾನ್ಯ, ಹುರುಳಿ, ಹೆಸರು ಈ ನಾಲ್ಕು ನೆಲೆಯಿಂದ ನೆಲೆಗೆ ಮತ್ತೆ ಮತ್ತೆ ಬಂದವು. ಗೋಧಿ, ಜವೆಗೋಧಿ ಕೆಲವೆಡೆ ಮಾತ್ರ ಕಂಡವು. ನವಶಿಲಾಯುಗದ ದಕ್ಷಿಣ ಭಾರತ ರಾಗಿ ಉಂಡು ಬದುಕಿತೆಂಬ ನಂಬಿಕೆ ಸಡಿಲವಾಯಿತು. ಇಲ್ಲಿನ ಒಣನೆಲದ ಧಾನ್ಯಗಳನ್ನು ಇಲ್ಲಿನವರೇ ಪಳಗಿಸಿದರು ಎಂಬ ವಾದಕ್ಕೆ ಬಲ ಬಂತು. ಇದೇ ಕಾಳುಗಳ ಮೇಲೆ ನಡೆಸಿದ ಇಂಗಾಲ-14 ಗಣನೆಗಳನ್ನು ಸೇರಿಸಿ, ಫುಲ್ಲರ್ ಅವರು ನಿಕೋಲ್ ಬೋವಿನ್ ಮತ್ತು ಕೊರಿಶೆಟ್ಟರ್ ಜೊತೆ 2007ರಲ್ಲಿ ಪ್ರಕಟಿಸಿದ ಲೇಖನ ದಕ್ಷಿಣದ ನವಶಿಲಾಯುಗಕ್ಕೆ ಬಿಗಿಯಾದ ಕಾಲಪಟ್ಟಿ ಕೊಟ್ಟಿತು. ಮರದ ಇದ್ದಿಲಿಗಿಂತ ಒಂದೇ ವರ್ಷ ಬಾಳುವ ಕಾಳು ಕಾಲಗಣನೆಗೆ ಹೆಚ್ಚು ನಂಬಿಕಸ್ತ ಸಾಕ್ಷಿ. ಹಳೆಯ ಮರವನ್ನು ಉರಿಸಿದ್ದರೆ ಅದರ ವಯಸ್ಸು ಒಲೆಯ ವಯಸ್ಸಿಗಿಂತ ಶತಮಾನ ಹಿಂದಿರಬಹುದು.

ಈ ನೆಲೆಗಳ ಸುತ್ತ ಕಲ್ಲುಗಣಿಗಾರಿಕೆ ನಡೆದಿದೆ ಎಂಬುದು ಸಂಕಟದ ಮಾತು. ಮರುಪರಿಶೀಲನೆಗೆ ಜಾಗವೇ ಉಳಿಯದಿದ್ದರೆ ಯಾವ ವಿಧಾನವನ್ನೂ ಒರೆಗೆ ಹಚ್ಚಲಾಗದು. ಬಳ್ಳಾರಿಯಲ್ಲಿ ಬ್ರೂಸ್ ಫುಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಆಗಿರುವುದು ಆ ಮಟ್ಟಿಗೆ ಸಮಾಧಾನ. ಕುರುಗೋಡಿನ ಸಿಂದ ಅರಸರ ಕಾಲದ ಶಾಸನಗಳನ್ನು ಓದುವ ಸಂಶೋಧಕರಿಗೂ ಇದೇ ಮಾತು ಸಲ್ಲುತ್ತದೆ: ಬಳ್ಳಾರಿ ಸೀಮೆಯ ಕನ್ನಡ ಶಾಸನಗಳು ದಕ್ಷಿಣ ಭಾರತದ ಶಾಸನಗಳ ಒಂಬತ್ತನೇ ಸಂಪುಟದಲ್ಲಿ ಅಚ್ಚಾಗಿವೆ, ಆದರೆ ಸಂಶಯ ಬಂದ ಅಕ್ಷರವನ್ನು ಕಲ್ಲಿನ ಮೇಲೆಯೇ ನೋಡಬೇಕು.

ವೈದ್ಯಕೀಯದಲ್ಲಿ ಹೋಲಿಕೆಯ ನಿಯಮಗಳು ಅತಿ ಕಠಿಣ, ಏಕೆಂದರೆ ತುಂಡುಹೊಲದ ಜಾಗದಲ್ಲಿ ಇರುವುದು ಮನುಷ್ಯ. ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನಡೆಸಿದ ಪ್ರಸಿದ್ಧ ಪ್ರಯೋಗದ ವರದಿ ಬಂದದ್ದು 1948ರಲ್ಲಿ. ಫಿಶರ್‌ರ ಚೀಟಿ ಎತ್ತುವ ಕ್ರಮ ಹೊಲದಿಂದ ಆಸ್ಪತ್ರೆಗೆ ಬಂದದ್ದು ಹಾಗೆ. ಭಾರತಕ್ಕೆ ಹೆಚ್ಚು ಹತ್ತಿರದ್ದು 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅಧ್ಯಯನ. ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಂದಿಗೆ ಪಡೆದ ಔಷಧಕ್ಕೂ ಬಡವರ ಮನೆಯಲ್ಲೇ ಪಡೆದ ಅದೇ ಔಷಧಕ್ಕೂ ಗುಣವಾಗುವುದರಲ್ಲಿ ಹೇಳಿಕೊಳ್ಳುವ ಅಂತರವಿಲ್ಲ ಎಂದು ಅದು ತೋರಿಸಿತು. ಲಕ್ಷಾಂತರ ಕುಟುಂಬಗಳ ಬದುಕನ್ನು ಬದಲಿಸಿದ ಹೋಲಿಕೆ ಅದು.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಯಿತು. ಬಹುಕಾಲ ವಿಮ್ಸ್ ಎಂದೇ ಜನರ ಬಾಯಲ್ಲಿತ್ತು. ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವ ಹೋಲಿಕೆಯ ಅಧ್ಯಯನಗಳಲ್ಲಿ ಹೆಚ್ಚಿನವು ಪಿಎಚ್‌ಡಿ ಅಲ್ಲ, ಎಂಡಿ ಮತ್ತು ಎಂಎಸ್ ಪ್ರಬಂಧಗಳು. ಮೂರು ವರ್ಷದ ದುಡಿಮೆಯ ನಡುವೆ ಬರೆಯುವ ಈ ಪ್ರಬಂಧಗಳಲ್ಲಿ ರೋಗಿಗಳ ಸಂಖ್ಯೆ ಚಿಕ್ಕದಿರುತ್ತದೆ. ಚಿಕ್ಕ ಅಧ್ಯಯನದಲ್ಲಿ ಅಂತರ ಕಾಣಲಿಲ್ಲವೆಂದರೆ ಎರಡು ಚಿಕಿತ್ಸೆಗಳೂ ಸಮ ಎಂದರ್ಥವಲ್ಲ. ಅಂತರ ಕಾಣುವಷ್ಟು ಜನ ಇರಲಿಲ್ಲ ಎಂದೂ ಆಗಬಹುದು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಒಳಗಿನದು ಕಾಣದ ಮುಚ್ಚಿದ ಲಕೋಟೆಯಲ್ಲಿಟ್ಟು, ರೋಗಿ ಒಪ್ಪಿದ ಮೇಲಷ್ಟೇ ತೆರೆಯಬೇಕು; ಇಲ್ಲವಾದರೆ ವೈದ್ಯರಿಗೆ ಗೊತ್ತಿಲ್ಲದೆಯೇ ಗಟ್ಟಿ ರೋಗಿಗಳು ಒಂದು ಗುಂಪಿಗೆ ಸೇರುತ್ತಾರೆ. ನಡುವೆ ಬರುವುದನ್ನು ನಿಲ್ಲಿಸಿದವರನ್ನು ಲೆಕ್ಕದಿಂದ ಕೈಬಿಡುವಂತಿಲ್ಲ. ಕೊಯ್ಲಿನ ದಿನಗಳಲ್ಲಿ ಹಳ್ಳಿಯ ರೋಗಿ ಮರುತಪಾಸಣೆಗೆ ಬಾರದಿರುವುದು ಚಿಕಿತ್ಸೆಯ ಪರೀಕ್ಷೆಯ ಭಾಗವೇ: ಹತ್ತು ಬಾರಿ ಆಸ್ಪತ್ರೆಗೆ ಬರಬೇಕಾದ ಚಿಕಿತ್ಸೆ ಪುಸ್ತಕದಲ್ಲಿ ಗೆದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಸೋಲುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲೂ, ಗಡಿಭಾಗವಾದ್ದರಿಂದ ತೆಲುಗಿನಲ್ಲೂ ಉರ್ದುವಿನಲ್ಲೂ ಇರಬೇಕಾಗುತ್ತದೆ. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ 2007ರಲ್ಲಿ ಆರಂಭವಾಗಿ 2009ರಿಂದ ಕಡ್ಡಾಯವಾಯಿತು. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಘೋಷಿಸುವ ಈ ಕ್ರಮ, ಫಲ ನೋಡಿ ಪ್ರಶ್ನೆ ಬದಲಿಸುವ ದುರಭ್ಯಾಸಕ್ಕೆ ಕಡಿವಾಣ ಹಾಕಿತು.

ಎಂಜಿನಿಯರಿಂಗ್ ಮತ್ತು ರಸಾಯನಶಾಸ್ತ್ರದಲ್ಲಿ ಸಂಸ್ಕರಣೆಯ ವಿಧಾನಗಳು ಹೋಲಿಕೆಗೆ ಒಳಗಾಗುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಸುಣ್ಣ-ಪಟಿಕದ ನಲ್ಗೊಂಡ ವಿಧಾನ, ಅಲ್ಯೂಮಿನಾ ಸೋಸು, ಆರ್‌ಒ ಘಟಕ ಇವು ಪ್ರಯೋಗಾಲಯದಲ್ಲಿ ಫ್ಲೋರೈಡನ್ನು ಇಳಿಸುತ್ತವೆ. ಊರಿನಲ್ಲಿ ಕೆಸರನ್ನು ಎಲ್ಲಿ ಸುರಿಯುವುದು, ಸೋಸುವ ಪದಾರ್ಥ ತೀರಿದಾಗ ಯಾರು ತರುವುದು, ಕೆಟ್ಟ ಘಟಕವನ್ನು ಯಾರು ರಿಪೇರಿ ಮಾಡುವುದು ಎಂಬುದೇ ನಿಜವಾದ ಪರೀಕ್ಷೆ. ಬಳ್ಳಾರಿಯ ಜೀನ್ಸ್ ಉದ್ಯಮದ ಬಣ್ಣದ ನೀರಿಗೂ ಇದೇ ಅನ್ವಯ. ಕೃತಕವಾಗಿ ಬೆರೆಸಿದ ಬಣ್ಣದ ನೀರಿನ ಮೇಲೆ ಗೆದ್ದ ವಿಧಾನವನ್ನು ತೊಳೆಯುವ ಘಟಕದ ಅಸಲು ನೀರಿನ ಮೇಲೆ ನೋಡದೆ ಬಿಡಬಾರದು.

ಶಿಕ್ಷಣಶಾಸ್ತ್ರದ ಪ್ರಬಂಧಗಳು ಹೊಸ ಬೋಧನಾ ವಿಧಾನವನ್ನು ಒಂದು ತರಗತಿಗೆ, ರೂಢಿಯ ಪಾಠವನ್ನು ಇನ್ನೊಂದಕ್ಕೆ ಕೊಟ್ಟು ಮೊದಲ ಮತ್ತು ಕೊನೆಯ ಪರೀಕ್ಷೆಗಳ ಅಂಕ ಹೋಲಿಸುತ್ತವೆ. ಹೊಸ ವಿಧಾನ ಬಹುತೇಕ ಯಾವಾಗಲೂ ಗೆಲ್ಲುತ್ತದೆ. ಗೆಲುವಿನಲ್ಲಿ ವಿಧಾನದ ಪಾಲೆಷ್ಟು, ಸಂಶೋಧಕರೇ ಉತ್ಸಾಹದಿಂದ ಪಾಠ ಮಾಡಿದ್ದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಹಲವು ಶಾಲೆಗಳೂ ಶಾಲೆಯ ಖಾಯಂ ಶಿಕ್ಷಕರೂ ಬೇಕು.

ಈ ಎಲ್ಲದಕ್ಕೂ ಇಂದು ಸ್ಥಳೀಯ ಆಸರೆ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ; ಅದಕ್ಕೆ ಮೊದಲು ಬಳ್ಳಾರಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಯುಜಿಸಿಯ 2009, 2016 ಮತ್ತು 2022ರ ನಿಯಮಗಳು ಪಿಎಚ್‌ಡಿಯ ಚೌಕಟ್ಟನ್ನು ಬದಲಿಸುತ್ತ ಬಂದಿವೆ. ಸಂಶೋಧನಾ ವಿಧಾನದ ಪಾಠ ಕಡ್ಡಾಯವಾಯಿತು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ 2016ರ ಷರತ್ತನ್ನು 2022ರಲ್ಲಿ ಕೈಬಿಡಲಾಯಿತು. ದುಡ್ಡು ಕೊಟ್ಟು ಲೇಖನ ಅಚ್ಚುಹಾಕಿಸುವ ದಂಧೆಗೆ ಆ ಷರತ್ತು ಮೇವಾಗಿದ್ದರಿಂದ ಕೈಬಿಟ್ಟದ್ದು ಸರಿಯೇ. 2018ರ ನಿಯಮ ನಕಲಿಗೆ ದಂಡನೆ ಗೊತ್ತುಮಾಡಿತು. ಶೋಧಗಂಗಾ ತಾಣದಲ್ಲಿ ಪ್ರಬಂಧಗಳು ಎಲ್ಲರಿಗೂ ಸಿಗುವಂತಾದುದರಿಂದ, ಒಂದು ವಿಷಯದ ಮೇಲೆ ಹಿಂದೆ ಏನೇನು ನಡೆದಿದೆ ಎಂದು ನೋಡದೆ ಅದೇ ಪ್ರಯೋಗವನ್ನು ಮತ್ತೆ ಮಾಡಲು ನೆಪ ಉಳಿದಿಲ್ಲ. ಉಳಿದಿರುವ ತಡೆ ಭಾಷೆಯದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಬಂಧಗಳು ಕನ್ನಡದಲ್ಲೇ ಬರುತ್ತಿವೆ, ಆದರೆ ಕೃಷಿ ಮತ್ತು ವೈದ್ಯಕೀಯದ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ಸಿರುಗುಪ್ಪದ ಗದ್ದೆಯಲ್ಲಿ ಅಳೆದ ಇಳುವರಿ ಅದೇ ಗದ್ದೆಯ ಪಕ್ಕದ ರೈತನಿಗೆ ತಲುಪುವುದು ಕೃಷಿ ಇಲಾಖೆಯ ಕರಪತ್ರ, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಕ್ಷೇತ್ರೋತ್ಸವಗಳ ಮೂಲಕ. ಪ್ರತಿ ಪ್ರಬಂಧದ ಜೊತೆ ನಾಲ್ಕು ಪುಟದ ಕನ್ನಡ ವರದಿಯೊಂದನ್ನು, ಸೋತ ಉಪಚಾರಗಳ ಲೆಕ್ಕವನ್ನೂ ಸೇರಿಸಿ, ಕಡ್ಡಾಯ ಮಾಡಲು ಯಾವ ವಿಶ್ವವಿದ್ಯಾಲಯಕ್ಕೂ ಹೊಸ ಕಾನೂನು ಬೇಕಿಲ್ಲ.